ಗೇಟು ಮುಚ್ಚುವ ಹೊತ್ತು, ಊರು ಬಿಡುವ ಹೊತ್ತು

ಮೈಸೂರಿನಿಂದ ವಯನಾಡಿಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗಿ ಬರುವುದು ನನ್ನ ಕಸುಬು. ಹೋಗುವ ದಿನ ಯಾರನ್ನೂ ಅವಸರಪಡಿಸಬೇಕಿಲ್ಲ. ನಸುಕಿಗೇ ಎದ್ದು ಸಿದ್ಧರಾಗಿರುತ್ತಾರೆ. ಕಷ್ಟವೆಲ್ಲ ಭಾನುವಾರ ಅವರನ್ನು ವಾಪಸ್ ಹೊರಡಿಸುವುದರಲ್ಲಿ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದು: ದಾರಿಯ ಮಾಹಿತಿ ಸಿಕ್ಕರೆ ಸಾಲದು, ದಿನದ ಯೋಜನೆ ಹಾಕುವ ಮೊದಲೇ ಸಿಗಬೇಕು.

ಬಂಡೀಪುರದ ಕಾಡನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. 2009ರಲ್ಲಿ ಬಂದ ನಿಯಮವಿದು. ಆಂಬುಲೆನ್ಸ್ ಮತ್ತು ಅನುಮತಿ ಪಡೆದ ಕೆಲವೇ ಬಸ್ಸುಗಳಿಗಷ್ಟೇ ವಿನಾಯಿತಿ. ಬಂಡೀಪುರದ ಮೂಲಕವೇ ಹೋಗುವ ಊಟಿ ರಸ್ತೆಗೂ ಇದೇ ಕಟ್ಟುಪಾಡು.

"ಗೇಟು ಒಂಬತ್ತಕ್ಕೆ ತಾನೇ? ಇನ್ನೂ ಟೈಮಿದೆ ಬಿಡಿ" ಎನ್ನುವವರು ಬಹಳ. ಒಂಬತ್ತು ಎಂದು ಹೇಳಿದರೆ ಜನ ಒಂಬತ್ತಕ್ಕೇ ಲೆಕ್ಕ ಹಾಕುತ್ತಾರೆ. ಕಲ್ಪೆಟ್ಟದಿಂದ ಸುಲ್ತಾನ್ ಬತ್ತೇರಿ ದಾಟಿ, ಮುತ್ತಂಗದ ಮೇಲೆ ಗಡಿಗೆ ಬರಬೇಕು. ಬತ್ತೇರಿ ಪೇಟೆಯಲ್ಲಿ ರಜೆಯ ಸಂಜೆ ಗಾಡಿಗಳು ತೆವಳುತ್ತವೆ. ತಡವಾದವರು ಆನೆ, ಜಿಂಕೆಗಳು ರಸ್ತೆಗಿಳಿಯುವ ಹೊತ್ತಿನಲ್ಲೇ ಕಾಡೊಳಗೆ ಗಾಡಿ ಓಡಿಸುತ್ತಾರೆ. ಪ್ರಾಣಿಗಳ ಜೀವ ಉಳಿಸಲು ಬಂದ ನಿಯಮವೇ ಹೀಗೆ ವೇಗಕ್ಕೆ ನೆಪವಾಗಬಾರದು. ಅದಕ್ಕೇ ನಾನು ಗೇಟಿನ ಸಮಯವನ್ನು ಮುಂದೆ ಮಾಡುವುದಿಲ್ಲ. "ಆರು ಗಂಟೆಗೆ ಕಲ್ಪೆಟ್ಟ ಬಿಡಬೇಕು" ಎಂದು ಶುಕ್ರವಾರವೇ ಹೇಳಿಬಿಡುತ್ತೇನೆ. ಕಾರಣವನ್ನೂ ಹೇಳುತ್ತೇನೆ. ರಾತ್ರಿ ಗಾಡಿಗೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳ ವಿಷಯ ಕೇಳಿದ ಮೇಲೆ ಮನೆಯ ಮಕ್ಕಳೇ ದೊಡ್ಡವರನ್ನು ಎಬ್ಬಿಸಿ ಹೊರಡಿಸುತ್ತಾರೆ.

ಮೊದಲೇ ತಿಳಿದರೆ ನೋಡುವ ಜಾಗಗಳ ಸರದಿಯೂ ಬದಲಾಗುತ್ತದೆ. ಲಕ್ಕಿಡಿ ಕಡೆಯ ಪೂಕೋಡ್ ಕೆರೆಯನ್ನು ಮೊದಲು ಮುಗಿಸಿ, ಬತ್ತೇರಿಗೆ ಹತ್ತಿರವಿರುವ ಎಡಕ್ಕಲ್ ಗುಹೆಯನ್ನು ಕೊನೆಗೆ ಇಟ್ಟುಕೊಂಡರೆ, ಎಡಕ್ಕಲ್ ಬೆಟ್ಟ ಇಳಿದವರು ಮನೆಯ ದಾರಿಗೆ ಹತ್ತಿರವೇ ಇರುತ್ತಾರೆ. ಹೊರಡುವ ಹೊತ್ತಿಗಾಗಿ ಯಾವ ಜಾಗವನ್ನೂ ಬಿಡಬೇಕಾಗುವುದಿಲ್ಲ.

ಮೊಬೈಲಿನ ಮ್ಯಾಪ್ ಇನ್ನೊಂದು ಬಗೆಯ ಮಾಹಿತಿ. ಬತ್ತೇರಿಯಲ್ಲಿ ನಿಂತು ಕೆಂಗೇರಿಯ ಕೆಂಪು ಗೆರೆ ನೋಡಿ, "ಟ್ರಾಫಿಕ್ ಇಳಿಯಲಿ, ಊಟ ಮುಗಿಸಿ ಹೋಗೋಣ" ಎನ್ನುವ ಬೆಂಗಳೂರಿನವರನ್ನು ಎಷ್ಟೋ ಸಲ ನೋಡಿದ್ದೇನೆ. ಆ ಗೆರೆ ಈಗಿನ ದಟ್ಟಣೆಯದು. ಅವರು ಕೆಂಗೇರಿ ತಲುಪುವುದು ಹಲವು ಗಂಟೆಗಳ ಮೇಲೆ. ಆ ಹೊತ್ತಿಗೆ ಪರಿಸ್ಥಿತಿ ಏನಾದರೂ ಆಗಿರಬಹುದು. ಗೇಟು ಮಾತ್ರ ಒಂಬತ್ತಕ್ಕೆ ಮುಚ್ಚಿರುತ್ತದೆ. ಬದಲಾಗುವ ಸುದ್ದಿಯನ್ನು ನಂಬಿ ಬದಲಾಗದ ನಿಯಮವನ್ನು ಮರೆಯಬಾರದು.

ಬದಲಿ ದಾರಿಯ ವಿಚಾರದಲ್ಲೂ ಅಷ್ಟೇ. ಮಾನಂದವಾಡಿಯಿಂದ ಬಾವಲಿ, ಎಚ್.ಡಿ. ಕೋಟೆ ಮೇಲೆ ಮೈಸೂರಿಗೆ ಬರುವ ರಸ್ತೆ ಹತ್ತಿರವೆನಿಸುತ್ತದೆ. ಆದರೆ ನಾಗರಹೊಳೆಯ ಆ ಗೇಟು ಸಂಜೆ 6ಕ್ಕೇ ಮುಚ್ಚುತ್ತದೆ. ತಡವಾದವರಿಗೆ ಉಳಿಯುವುದು ಕುಟ್ಟ, ಗೋಣಿಕೊಪ್ಪ, ಹುಣಸೂರಿನ ಸುತ್ತುದಾರಿ. ಅದು ರಾತ್ರಿಯೂ ತೆರೆದಿರುತ್ತದೆ. ಇದು ಮಧ್ಯಾಹ್ನವೇ ಗೊತ್ತಿದ್ದರೆ ನೆಮ್ಮದಿ. ಮುಚ್ಚಿದ ಗೇಟಿನ ಮುಂದೆ ಗೊತ್ತಾದರೆ ನಿದ್ದೆಗಣ್ಣಿನ ಡ್ರೈವರ್ ಮತ್ತೆ ಹಿಂದಕ್ಕೆ ತಿರುಗಿಸಬೇಕು. ಅಂಥ ಹೊತ್ತಿನಲ್ಲಿ ಬತ್ತೇರಿಯಲ್ಲೇ ಉಳಿದು ಬೆಳಿಗ್ಗೆ ಆರಕ್ಕೆ ಹೊರಡುವುದು ಲೇಸು. ಮೊದಲೇ ತಿಳಿಸಿದರೆ ಕೆಲವರು ಸೋಮವಾರ ರಜೆ ಹಾಕಿಯೇ ಬರುತ್ತಾರೆ. ಅವರಿಗೆ ಒಂದು ರಾತ್ರಿ ಹೆಚ್ಚು ಸಿಗುತ್ತದೆ, ಅಲ್ಲಿನ ಹೋಟೆಲಿನವರಿಗೂ ನಾಲ್ಕು ಕಾಸು.

ಗೇಟಿನ ಬಳಿಯ ಫಲಕ ಆಗಲೇ ಅಲ್ಲಿಗೆ ಬಂದವರಿಗೆ ಮಾತ್ರ ಕಾಣುತ್ತದೆ. ಕಲ್ಪೆಟ್ಟ, ವೈತಿರಿ, ಮಾನಂದವಾಡಿಯ ಪ್ರತಿ ಹೋಮ್‌ಸ್ಟೇ, ಲಾಡ್ಜಿನಲ್ಲಿ "ಇಲ್ಲಿಂದ ಇಷ್ಟು ಗಂಟೆಗೆ ಹೊರಡಿ" ಎಂದು ಕನ್ನಡದಲ್ಲೂ ಬರೆದು ಹಾಕಬೇಕು. ಕೋಣೆ ಕಾದಿರಿಸಿದಾಗ ಬರುವ ಸಂದೇಶದಲ್ಲೂ ಆ ಸಾಲು ಇರಬೇಕು. ಖರ್ಚು ಅಲ್ಪ, ಉಳಿಯುವುದು ಮನುಷ್ಯರ ಜೀವ, ಕಾಡಿನ ಜೀವ ಎರಡೂ.