ಮನೆ ಸಾಲ ಮತ್ತು ಒಂದು ಹಳ್ಳಿಯ ಚರಿತ್ರೆ: ಗೀಸ್ ಬೆಂಡ್ ಕಲಿಸುವ ಪಾಠ

ಬೇಸಾಯಗಾರನಿಗೆ ಸಾಲ ಹೊಸದಲ್ಲ. ಆದರೆ ಎಲ್ಲ ಸಾಲವೂ ಒಂದೇ ಬಗೆಯದಲ್ಲ. ಕೊಡುವವರು ಯಾರು, ಅಡವಿಟ್ಟದ್ದು ಏನು, ತೀರಿಸಲು ಎಷ್ಟು ವರ್ಷ, ಕೊನೆಗೆ ಹಕ್ಕುಪತ್ರ ಯಾರ ಹೆಸರಿಗೆ ಬರುತ್ತದೆ ಎಂಬ ನಾಲ್ಕು ಅಂಶಗಳು ಸಾಲವು ಸಂಸಾರವನ್ನು ಎತ್ತುವುದೋ ಮುಳುಗಿಸುವುದೋ ಎಂಬುದನ್ನು ನಿರ್ಧರಿಸುತ್ತವೆ. ಇದಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ವಿಲ್ಕಾಕ್ಸ್ ಕೌಂಟಿಯ ಗೀಸ್ ಬೆಂಡ್ ಎಂಬ ಹಳ್ಳಿ ಉತ್ತಮ ನಿದರ್ಶನ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ ರಾಜ್ಯದೊಳಗಿನ ಒಂದು ಆಡಳಿತ ವಿಭಾಗ.

ಹಳ್ಳಿಯ ಹಿನ್ನೆಲೆ

ಅಲಬಾಮಾ ನದಿ ಮೂರು ಕಡೆ ಸುತ್ತುವರಿದ ಈ ಭೂಮಿಯಲ್ಲಿ 1816ರಲ್ಲಿ ಜೋಸೆಫ್ ಗೀ ಎಂಬುವನು ಹತ್ತಿಯ ತೋಟ ಹೂಡಿದನು. 1845ರಲ್ಲಿ ಸಾಲದ ತೀರುವಳಿಗಾಗಿ ತೋಟವು ಮಾರ್ಕ್ ಪೆಟ್‌ವೇ ಎಂಬುವನ ಪಾಲಾಯಿತು. ಭೂಮಿಯೊಡನೆ ಅದರಲ್ಲಿ ದುಡಿಯುತ್ತಿದ್ದ ಕರಿಯ ಗುಲಾಮರೂ ಕೈ ಬದಲಾದರು. 1865ರಲ್ಲಿ ಗುಲಾಮಗಿರಿ ಕೊನೆಗೊಂಡರೂ ಅವರಿಗೆ ನೆಲ ಸಿಗಲಿಲ್ಲ. ಅದೇ ಹೊಲಗಳಲ್ಲಿ ಗೇಣಿದಾರರಾಗಿ ಉಳಿದರು. ಊರಿನ ಅನೇಕರಿಗೆ ಇಂದಿಗೂ ಪೆಟ್‌ವೇ ಎಂಬುದೇ ಮನೆತನದ ಹೆಸರು.

ಬೆಳೆಯ ಮೇಲಿನ ಸಾಲ

ಬೀಜ, ಗೊಬ್ಬರ, ಊಟದ ಸಾಮಾನು ಎಲ್ಲವೂ ವರ್ತಕನಿಂದ ಉದ್ದರಿಯಾಗಿ ಬರುತ್ತಿತ್ತು. ಕೊಯ್ಲಾದಾಗ ಹತ್ತಿ ಕೊಟ್ಟು ತೀರಿಸುವುದು ವಾಡಿಕೆ. ಅಮೆರಿಕದಲ್ಲಿ 1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿಯ ಧಾರಣೆ 1932ರಲ್ಲಿ ಸುಮಾರು 6 ಸೆಂಟಿಗೆ ಇಳಿಯಿತು. ಬೆಳೆ ಅಷ್ಟೇ ಬಂದರೂ ಸಾಲ ತೀರದಾಯಿತು. ಅದೇ ವರ್ಷ ಸಾಲ ಕೊಟ್ಟಿದ್ದ ವರ್ತಕ ತೀರಿಕೊಂಡನು. ಅವನ ವಾರಸುದಾರರು ವಸೂಲಿಗೆ ಬಂದು ಸುಮಾರು 60 ಕುಟುಂಬಗಳ ಹೇಸರಗತ್ತೆ, ಹಸು, ಹಂದಿ, ನೇಗಿಲು, ಕಣಜದ ಜೋಳದವರೆಗೆ ಎಲ್ಲವನ್ನೂ ಹೊತ್ತೊಯ್ದರು. ಆ ಚಳಿಗಾಲ ಜನರು ರೆಡ್ ಕ್ರಾಸ್ ನೀಡಿದ ಆಹಾರದಿಂದ ಜೀವ ಹಿಡಿದರು.

ಸರ್ಕಾರದ ಸಾಲ

1935ರಲ್ಲಿ ಅಮೆರಿಕ ಸರ್ಕಾರವು ಪುನರ್ವಸತಿ ಆಡಳಿತವನ್ನು ಸ್ಥಾಪಿಸಿತು. 1937ರಲ್ಲಿ ಸರ್ಕಾರ ಗೀಸ್ ಬೆಂಡಿನ ಸುಮಾರು 10,000 ಎಕರೆಯನ್ನು ಕೊಂಡು ಹಿಡುವಳಿಗಳಾಗಿ ವಿಂಗಡಿಸಿತು. ಸುಮಾರು 100 ಮನೆಗಳು, ಶಾಲೆ, ಅಂಗಡಿ, ಹತ್ತಿ ಜಿನ್ನಿಂಗ್ ಗಿರಣಿ ಎದ್ದುನಿಂತವು. ಅಂದಿನ ಅಧ್ಯಕ್ಷರ ಹೆಸರಿನಿಂದ ಇವನ್ನು ರೂಸ್‌ವೆಲ್ಟ್ ಮನೆಗಳೆಂದು ಕರೆದರು. 1940ರ ದಶಕದಲ್ಲಿ ಗೇಣಿದಾರರು ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲದ ಮೇಲೆ ಹೊಲಮನೆಗಳನ್ನು ಕೊಂಡರು.

1937ರ ಗೇಣಿದಾರರ ಕಾನೂನು ಭೂಮಿ ಕೊಳ್ಳಲು ಶೇಕಡ 3ರ ಬಡ್ಡಿಗೆ 40 ವರ್ಷಗಳ ಸಾಲಕ್ಕೆ ಅವಕಾಶ ಕೊಟ್ಟಿತ್ತು. ಇದರ ಬೆಲೆಯನ್ನು ಲೆಕ್ಕ ಹಾಕಿ ನೋಡಿ. 1,000 ಡಾಲರನ್ನು ಈ ದರದಲ್ಲಿ 40 ಸಮ ಕಂತುಗಳಲ್ಲಿ ತೀರಿಸಿದರೆ ವರ್ಷದ ಕಂತು ಸುಮಾರು 43 ಡಾಲರ್. ಅದೇ ಹಣವನ್ನು ಶೇಕಡ 10ರ ಬಡ್ಡಿಗೆ 5 ವರ್ಷಗಳಲ್ಲಿ ತೀರಿಸಬೇಕಾದರೆ ಕಂತು ಸುಮಾರು 264 ಡಾಲರ್. ಮೊದಲನೆಯದರಲ್ಲಿ ಒಟ್ಟು ಪಾವತಿ 1,730 ಡಾಲರಾಗಿ ಹೆಚ್ಚೇ ಆಗುತ್ತದೆ. ಎರಡನೆಯದರಲ್ಲಿ 1,319 ಡಾಲರ್ ಮಾತ್ರ. ಆದರೆ ಬೆಳೆ ಕೈಕೊಟ್ಟ ವರ್ಷ 43 ಡಾಲರನ್ನು ಹೇಗೋ ಹೊಂದಿಸಬಹುದು, 264ನ್ನು ಹೊಂದಿಸಲಾಗದು.

ಒಡೆತನದ ಫಲ

1960ರ ದಶಕದಲ್ಲಿ ಕರಿಯರು ಮತದಾನದ ಹಕ್ಕಿಗೆ ಹೋರಾಡಿದಾಗ, ಈ ಕೌಂಟಿಯಲ್ಲಿ ಬೇರೆಯವರ ನೆಲದಲ್ಲಿದ್ದ ಗೇಣಿದಾರರನ್ನು ಮಾಲೀಕರು ಒಕ್ಕಲೆಬ್ಬಿಸಿದರು. ಗೀಸ್ ಬೆಂಡಿನಲ್ಲಿ ಸ್ವಂತ ಹೊಲಮನೆಯಿದ್ದವರನ್ನು ಹಾಗೆ ಹೊರಹಾಕಲಾಗಲಿಲ್ಲ. ಕೌಂಟಿಯ ಕೇಂದ್ರವಾದ ಕ್ಯಾಮ್ಡೆನ್‌ಗೆ ಹೋಗುವ ದೋಣಿ 1962ರಲ್ಲಿ ನಿಂತುಹೋಗಿ, 2006ರಲ್ಲಿ ಮತ್ತೆ ಆರಂಭವಾಯಿತು. ಅಷ್ಟು ವರ್ಷ ಜನರು ಬಳಸುದಾರಿಯಲ್ಲಿ ನಡೆದರೇ ಹೊರತು ಊರು ಬಿಡಿಸುವ ಅಧಿಕಾರ ಯಾರ ಕೈಯಲ್ಲೂ ಇರಲಿಲ್ಲ.

ಆದರೆ ಸರ್ಕಾರದ ಸಾಲ ಎಲ್ಲರಿಗೂ ಸಮನಾಗಿ ದೊರೆಯಿತೆಂದು ತಿಳಿಯಬಾರದು. ಸಾಲ ನೀಡಿಕೆಯಲ್ಲಿ ತಾರತಮ್ಯವಾಗಿದೆಯೆಂದು ಕರಿಯ ರೈತರು ಕೃಷಿ ಇಲಾಖೆಯ ಮೇಲೆ ಹೂಡಿದ ದಾವೆ 1999ರಲ್ಲಿ ರಾಜಿಯಾಯಿತು.

ಮುಂದಿನ ಯೋಜನೆಗಳು

1949ರ ವಸತಿ ಕಾನೂನಿನ ಮೂಲಕ ರೈತರ ಮನೆಗಳಿಗೆ ಪ್ರತ್ಯೇಕ ಸಾಲ ಬಂದಿತು. 1961ರಲ್ಲಿ ಬೇಸಾಯ ಮಾಡದ ಗ್ರಾಮಸ್ಥರಿಗೂ ಅದು ವಿಸ್ತರಿಸಿತು. ಇದರಲ್ಲಿ ಎರಡು ಬಗೆ. ನೇರ ಸಾಲದಲ್ಲಿ ಹಣ ಸರ್ಕಾರದ್ದೇ; ಅವಧಿ 33 ವರ್ಷ, ತೀರ ಕಡಿಮೆ ಆದಾಯದವರಿಗೆ 38 ವರ್ಷದವರೆಗೆ. ಖಾತರಿ ಸಾಲದಲ್ಲಿ ಹಣ ಬ್ಯಾಂಕಿನದು. ನಷ್ಟವಾದರೆ ಬಹುಪಾಲನ್ನು ಸರ್ಕಾರ ತುಂಬಿಕೊಡುತ್ತದೆ. ಈ ಖಾತರಿ ಬ್ಯಾಂಕಿಗೇ ಹೊರತು ಸಾಲಗಾರನಿಗಲ್ಲ. ಕಂತು ತಪ್ಪಿದರೆ ಮನೆ ಹೋಗುತ್ತದೆ.

ರೈತರು ಗಮನಿಸಬೇಕಾದ ಅಂಶಗಳು

1. ಬೆಳೆ ಸಾಲವನ್ನೂ ಮನೆ ಸಾಲವನ್ನೂ ಬೆರೆಸಬಾರದು. ಒಂದು ಬೆಳೆಯ ಸೋಲು ಸೂರನ್ನು ಕಳೆಯುವಂತಾಗಬಾರದು.

2. ಎತ್ತು, ಉಪಕರಣ, ಬಿತ್ತನೆ ಬೀಜ ಇವುಗಳನ್ನು ಅಡವಿಡಬಾರದು. ಇವು ಹೋದರೆ ದುಡಿದು ತೀರಿಸುವ ದಾರಿಯೇ ಮುಚ್ಚುತ್ತದೆ.

3. ಕಂತನ್ನು ಒಳ್ಳೆಯ ವರ್ಷದ ಆದಾಯಕ್ಕೆ ಹೊಂದಿಸದೆ ಕೆಟ್ಟ ವರ್ಷದ ಆದಾಯಕ್ಕೆ ಹೊಂದಿಸಿಕೊಳ್ಳಬೇಕು.

4. ಪ್ರತಿ ಪಾವತಿಗೂ ರಸೀದಿ ಪಡೆಯಬೇಕು. ಸಾಲ ತೀರಿದ ಕೂಡಲೇ ಋಣಮುಕ್ತ ಪತ್ರ ಪಡೆದು ದಾಖಲೆಯಲ್ಲಿ ಅಡಮಾನದ ನಮೂದನ್ನು ತೆಗೆಸುವುದು ಅತ್ಯಗತ್ಯ.