ಬಚ್ಚಲ ನೀರು ಹಿತ್ತಲಿಗೆ, ಮಾಡಿನ ನೀರು ಬಾವಿಗೆ



ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿ ಬಳಿ ಹುಟ್ಟಿ ದಾಂಡೇಲಿಯ ಮೂಲಕ ಹರಿಯುತ್ತದೆ. ಜೋಯಿಡಾದ ಕಾಡಿನಲ್ಲಿ ಧಾರಾಕಾರವಾಗಿ ಸುರಿಯುವ ಮಳೆ ಹಳಿಯಾಳ, ಮುಂಡಗೋಡದ ಕಡೆಗೆ ಬಂದಂತೆ ಕಡಿಮೆಯಾಗುತ್ತದೆ. ಆದರೂ ಏಪ್ರಿಲ್-ಮೇ ತಿಂಗಳಲ್ಲಿ ಎರಡೂ ಕಡೆ ಅನೇಕ ಬಾವಿಗಳ ತಳ ಕಾಣುತ್ತದೆ. ಇಳಿಜಾರಿನಲ್ಲಿ ಮಳೆ ನೀರು ಇಂಗದೆ ಹಳ್ಳ ಸೇರುವುದೇ ಇದಕ್ಕೆ ಮುಖ್ಯ ಕಾರಣ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಹೊಸ ಕೊಳವೆಬಾವಿ ತೋಡುವ ಮೊದಲು ಮನೆಯಲ್ಲಿ ಬಳಸುವ ನೀರಿನ ಲೆಕ್ಕ ಹಾಕುವುದು ಲೇಸು.

ನೀರಿನ ಲೆಕ್ಕ

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಗ್ರಾಮೀಣರಿಗೆ ತಲಾ ದಿನಕ್ಕೆ 55 ಲೀಟರ್ ನೀರು ನಿಗದಿಯಾಗಿದೆ. ಅಂದರೆ ಐದು ಜನರ ಮನೆಗೆ 275 ಲೀಟರ್. 15 ಲೀಟರಿನ ಕೊಡದಲ್ಲಿ ಅಳೆದರೆ ಇದು 18 ಕೊಡಕ್ಕೂ ಹೆಚ್ಚು. ಇದರಲ್ಲಿ ಸ್ನಾನಕ್ಕೆ ತಲೆಗೆ 15 ಲೀಟರಿನಂತೆ 75 ಲೀಟರ್, ಪಾತ್ರೆ-ತರಕಾರಿ ತೊಳೆಯಲು 30 ಲೀಟರ್ ಎಂದಿಟ್ಟುಕೊಂಡರೂ 7 ಕೊಡ ನೀರು ಒಮ್ಮೆ ಬಳಸಿ ಚರಂಡಿ ಸೇರುತ್ತದೆ. ಬಾವಿ ದೂರವಿರುವ ಮನೆಗಳಲ್ಲಿ ಈ ಏಳು ಕೊಡಗಳನ್ನು ಹೊತ್ತು ತಂದವರು ಮನೆಯ ಹೆಣ್ಣುಮಕ್ಕಳು ಎಂಬುದನ್ನು ಮರೆಯಬಾರದು. ಹಿತ್ತಲಿನ ಗಿಡಗಳಿಗೆ ಮತ್ತೆ ಬೇರೆ ನೀರು ಹೊರುವ ಬದಲು ಇದೇ ನೀರನ್ನು ಹರಿಸಿದರೆ ಅವರ ಶ್ರಮವೂ ಉಳಿಯುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಬಚ್ಚಲ ನೀರನ್ನು ಸಣ್ಣ ಕಾಲುವೆ ಅಥವಾ ಕೊಳವೆಯ ಮೂಲಕ ಬಾಳೆ, ತೆಂಗು, ನುಗ್ಗೆ ಗಿಡಗಳ ಪಾತಿಗೆ ಬಿಡಿರಿ. ಪಾತಿಗೆ ಒಣ ಎಲೆ ಅಥವಾ ಹುಲ್ಲು ಹೊದಿಸಿದರೆ ತೇವ ಬೇಗ ಆರುವುದಿಲ್ಲ.

2. ಸಾಬೂನಿನ ನೀರನ್ನು ದಿನವೂ ಒಂದೇ ಗಿಡಕ್ಕೆ ಬಿಡಬಾರದು. ಅದರಲ್ಲಿರುವ ಸೋಡಿಯಂ ಅಂಶ ಎರೆ ಮಣ್ಣನ್ನು ಗಟ್ಟಿಯಾಗಿಸುತ್ತದೆ. ಪಾತಿ ಬದಲಿಸುತ್ತಿರಬೇಕು.

3. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕೊತ್ತಂಬರಿಗೆ ಈ ನೀರು ಬೇಡ. ಮಕ್ಕಳ ಮಲದ ಬಟ್ಟೆ ತೊಳೆದ ನೀರನ್ನು ಇದಕ್ಕೆ ಸೇರಿಸಬಾರದು.

4. ಪಾತ್ರೆಯ ಎಂಜಲನ್ನು ಮೊದಲು ಬಳಿದು ತೆಗೆಯಿರಿ. ಜಿಡ್ಡಿನ ನೀರನ್ನು ಮರಳು-ಜಲ್ಲಿ ತುಂಬಿದ ಸಣ್ಣ ಗುಂಡಿಯ ಮೂಲಕ ಹಾಯಿಸಿರಿ. ಈ ಗುಂಡಿ ಬಾವಿಯಿಂದ ದೂರ, ಇಳಿಜಾರಿನ ಕೆಳಭಾಗದಲ್ಲಿರಲಿ.

5. ಬಳಸಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು. ನಿಂತ ನೀರು ನಾರುತ್ತದೆ, ಸೊಳ್ಳೆಗೂ ನೆಲೆಯಾಗುತ್ತದೆ.

ಮಾಡಿನ ನೀರು

ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ದೊರೆಯುತ್ತದೆ. 50 ಚದರ ಮೀಟರಿನ ಹಂಚಿನ ಮನೆಯ ಮೇಲೆ 25 ಮಿಲಿಮೀಟರ್ ಮಳೆಯಾದರೆ 1,250 ಲೀಟರ್. ಐದರಲ್ಲೊಂದು ಪಾಲು ನಷ್ಟವಾದರೂ 1,000 ಲೀಟರ್ ಕೈಗೆ ಸಿಗುತ್ತದೆ. ಮೊದಲ ಒಂದೆರಡು ಮಳೆಯ ಕೊಳೆ ನೀರನ್ನು ಹೊರಗೆ ಬಿಡಿರಿ. ನಂತರದ ನೀರನ್ನು ಜಲ್ಲಿ, ಮರಳು, ಇದ್ದಿಲಿನ ಸೋಸುತೊಟ್ಟಿಯ ಮೂಲಕ ಬಾವಿಗೆ ಹಾಯಿಸಿರಿ. ಇಂಥ ಬಾವಿಯ ನೀರನ್ನು ಕುದಿಸಿ, ಆರಿಸಿ ಕುಡಿಯಬೇಕು.

ಸೋಸುತೊಟ್ಟಿ, ದೋಣಿ, ಕೊಳವೆಗಳ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಬೇಕು. ಬಚ್ಚಲ ಕಾಲುವೆಗೆ ಮಾತ್ರ ಮಳೆಗಾಲ ಕಾಯಬೇಕಾಗಿಲ್ಲ. ಒಂದು ಗುದ್ದಲಿ, ಅರ್ಧ ದಿನದ ದುಡಿಮೆ ಇದ್ದರೆ ಸಾಕು. ಇಂದೇ ಆರಂಭಿಸಿರಿ.