ಆಮೆಮರಿ ಮೇವು ಮುಟ್ಟುತ್ತಿಲ್ಲವೇ? ಕಾನೂನು ಕೊಡುವ 48 ಗಂಟೆಯೊಳಗೆ ಏನು ಮಾಡಬೇಕು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕುರುಚಲು ಕಾಡಿಗೆ ಅಂಟಿದ ಹೊಲಗಳಲ್ಲಿ ಮಳೆ ಬಿದ್ದ ಮೇಲೆ ಅಂಗೈಗಿಂತ ಚಿಕ್ಕ ಆಮೆಮರಿ ಬದುವಿನ ಹುಲ್ಲಿನಲ್ಲಿ ಕಣ್ಣಿಗೆ ಬೀಳುವುದುಂಟು. ಮಕ್ಕಳು ಆಸೆಯಿಂದ ಎತ್ತಿಕೊಂಡು ಮನೆಗೆ ತರುತ್ತಾರೆ. ಬೆಂಗಳೂರಿನಂಥ ಊರಿಗೆ ಅದೇ ಮರಿ ಬೇರೆ ದಾರಿಯಲ್ಲಿ ಬರುತ್ತದೆ. ಮನೆಯಲ್ಲಿದ್ದರೆ ಅದೃಷ್ಟ ಎಂದು ಯಾರೋ ಹೇಳಿದ್ದಕ್ಕೆ ದುಡ್ಡು ಕೊಟ್ಟು ತಂದದ್ದಿರಬಹುದು, ಊರು ಬಿಟ್ಟು ಹೋಗುವ ಪರಿಚಯದವರು ‘ನೀವೇ ಸಾಕಿಕೊಳ್ಳಿ’ ಎಂದು ಕೈಗಿಟ್ಟದ್ದಿರಬಹುದು. ಒಂದೆರಡು ದಿನ ಮರಿ ಓಡಾಡಿಕೊಂಡಿರುತ್ತದೆ. ಆಮೇಲೆ ಸೊಪ್ಪು ಮೂಸುವುದಿಲ್ಲ, ತಲೆ ಹೊರಗೆ ಹಾಕುವುದಿಲ್ಲ, ಕಣ್ಣು ಮುಚ್ಚಿಕೊಂಡು ಮೂಲೆ ಹಿಡಿಯುತ್ತದೆ. ಆಗ ಮನೆಯವರಿಗೆ ಎರಡು ದಿಗಿಲು. ಇದು ಸತ್ತುಹೋದರೆ ಗತಿಯೇನು? ಡಾಕ್ಟರ ಹತ್ತಿರ ಒಯ್ದರೆ ನಮ್ಮ ಮೇಲೇ ಕೇಸು ಬಿದ್ದರೆ? ಕೇಸಿನ ಭಯಕ್ಕೆ ಮರಿಯನ್ನು ಮನೆಯಲ್ಲೇ ಮುಚ್ಚಿಟ್ಟುಕೊಂಡು ಸಾಯಗೊಡುವವರಿದ್ದಾರೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಮೊದಲು ಕೈಯಲ್ಲಿರುವುದು ಯಾವ ಆಮೆ ಎಂದು ನೋಡಿ. ಕಂಬದಂಥ ಗಟ್ಟಿ ಕಾಲು, ಗುಮ್ಮಟದಂತೆ ಉಬ್ಬಿದ ಚಿಪ್ಪು, ಚಿಪ್ಪಿನ ಮೇಲೆ ಹಳದಿ ಮತ್ತು ಕಪ್ಪು ಬಣ್ಣ ಇದ್ದರೆ ಅದು ಬಹುತೇಕ ನಮ್ಮ ನಾಡಿನ ನಕ್ಷತ್ರ ಆಮೆ. ತೀರಾ ಎಳೆಯ ಮರಿಯಲ್ಲಿ ನಕ್ಷತ್ರದ ಗೆರೆಗಳು ಇನ್ನೂ ಪೂರ್ತಿ ಮೂಡಿರುವುದಿಲ್ಲ, ಅದರಿಂದ ಮೋಸಹೋಗಬೇಡಿ. ಬೆರಳುಗಳ ನಡುವೆ ಪೊರೆಯಿದ್ದು ಕಣ್ಣಿನ ಹಿಂದೆ ಕೆಂಪು ಪಟ್ಟಿಯಿದ್ದರೆ ಅದು ಅಮೆರಿಕ ಮೂಲದ ನೀರಾಮೆ, ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವಂಥದು. ಪೊರೆಯಿದ್ದೂ ಕೆಂಪು ಪಟ್ಟಿ ಇಲ್ಲದಿದ್ದರೆ ನಮ್ಮದೇ ಕೆರೆಯ ಆಮೆ ಇರಬಹುದು. ಅವುಗಳಲ್ಲೂ ಕಾನೂನಿನ ರಕ್ಷಣೆ ಪಡೆದವು ಇವೆ. ಅನುಮಾನವಿದ್ದರೆ ರಕ್ಷಿತ ಪ್ರಾಣಿ ಎಂದೇ ತಿಳಿದು ನಡೆದುಕೊಳ್ಳುವುದು ಕ್ಷೇಮ.

ನಕ್ಷತ್ರ ಆಮೆಯ ವಿಷಯದಲ್ಲಿ ಕಾನೂನು ಈಗ ತುಂಬ ಬಿಗಿಯಾಗಿದೆ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಲ್ಲಿ ಅದು ಮೊದಲು 4ನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅದನ್ನು ಹುಲಿ, ಆನೆಗಳ ಸಾಲಿಗೆ, ಅಂದರೆ 1ನೇ ಅನುಸೂಚಿಗೆ ಏರಿಸಲಾಯಿತು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ 2019ರಲ್ಲೇ ಅದನ್ನು ತನ್ನ ಮೊದಲ ಪಟ್ಟಿಗೆ ಸೇರಿಸಿತ್ತು. ಇಷ್ಟು ಬಿಗಿಗೆ ಕಾರಣ ಕಳ್ಳಸಾಗಣೆ. ಮರಿಗಳನ್ನು ಸೂಟ್‌ಕೇಸಿನಲ್ಲಿ ತುಂಬಿ ಆಗ್ನೇಯ ಏಷ್ಯಾಕ್ಕೆ ಸಾಗಿಸುವ ಜಾಲಗಳಿವೆ. 2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ತರಿಸಿಕೊಳ್ಳಬೇಕಾಯಿತು.

1ನೇ ಅನುಸೂಚಿಯ ಪ್ರಾಣಿಯನ್ನು ಹಿಡಿದರೆ, ಮಾರಿದರೆ, ಅನುಮತಿಯಿಲ್ಲದೆ ಇಟ್ಟುಕೊಂಡರೆ 51ನೇ ಕಲಮಿನಂತೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸಜೆ, ಕನಿಷ್ಠ 25,000 ರೂಪಾಯಿ ದಂಡ. ದಂಡ ಕಟ್ಟಿ ಇಲಾಖೆಯ ಮಟ್ಟದಲ್ಲೇ ರಾಜಿ ಮಾಡಿಕೊಳ್ಳಲು ಇಂಥ ಪ್ರಕರಣದಲ್ಲಿ ಅವಕಾಶವಿಲ್ಲ. ಇನ್ನೂ ಒಂದು ಮಾತು ಮನಸ್ಸಿನಲ್ಲಿರಲಿ. ಪ್ರಾಣಿ ನಿಮ್ಮ ವಶದಲ್ಲಿತ್ತು ಎಂದು ಸಾಬೀತಾದರೆ ಅದು ಅಕ್ರಮವಲ್ಲ ಎಂದು ತೋರಿಸುವ ಭಾರ 57ನೇ ಕಲಮಿನ ಪ್ರಕಾರ ನಿಮ್ಮ ಮೇಲೆಯೇ ಬೀಳುತ್ತದೆ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್ಟುಗಳ ಸುದ್ದಿ ಎದ್ದಾಗ ಅನೇಕರು ಈ ಕಾಯ್ದೆಯ ಹೆಸರನ್ನು ಮೊದಲ ಸಲ ಕೇಳಿದರು. ಆ ಲಾಕೆಟ್ಟಿಗೆ ಅನ್ವಯಿಸಿದ ಕಾಯ್ದೆಯೇ ಜೀವಂತ ಆಮೆಮರಿಗೂ ಅನ್ವಯಿಸುತ್ತದೆ.

ಇಷ್ಟನ್ನು ಓದಿ ಬೆದರಬೇಡಿ. ಅದೇ ಕಾಯ್ದೆಯ 39ನೇ ಕಲಮಿನಲ್ಲಿ ಸದುದ್ದೇಶದವರಿಗೆ ಒಂದು ಬಾಗಿಲು ತೆರೆದಿದೆ. ಇಂಥ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಯಾವ ರೀತಿಯಲ್ಲೇ ಆಗಲಿ ಅದು ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅರಣ್ಯಾಧಿಕಾರಿಗೆ ವರದಿ ಮಾಡಬೇಕು, ಕೇಳಿದಾಗ ಒಪ್ಪಿಸಬೇಕು. ರಸ್ತೆಯಲ್ಲಿ ಗಾಯಗೊಂಡು ಬಿದ್ದಿದ್ದ ಮರಿಯನ್ನು ಎತ್ತಿಕೊಂಡು ಬಂದವರು, ಮಗು ತಂದ ಮರಿಯನ್ನು ಸಂಜೆ ಕಂಡ ತಾಯಿ ತಂದೆ, ಬಾಡಿಗೆದಾರ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಆಮೆ ಕಂಡ ಮನೆಮಾಲೀಕರು, ಇವರೆಲ್ಲ ನಿಲ್ಲಬೇಕಾದದ್ದು ಈ ಕಲಮಿನ ನೆರಳಿನಲ್ಲಿ. ತಡಮಾಡಿದಷ್ಟೂ ಆ ನೆರಳು ಸರಿಯುತ್ತದೆ. ಮೇವು ಬಿಟ್ಟ ಮರಿಗೂ ಅಷ್ಟು ಕಾಯುವ ಶಕ್ತಿ ಇರುವುದಿಲ್ಲ.

ಹಾಗಾಗಿ ಮೊದಲ ಕೆಲಸ ಫೋನು. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಅಲ್ಲಿ ಸಿಗದಿದ್ದರೆ ನಿಮ್ಮ ತಾಲ್ಲೂಕಿನ ವಲಯ ಅರಣ್ಯಾಧಿಕಾರಿ ಕಚೇರಿ, ರಾತ್ರಿಯಾಗಿದ್ದರೆ ಪೊಲೀಸರ 112. ಕರೆ ಮಾಡಿದ ಹೊತ್ತು, ಮಾತನಾಡಿದವರ ಹುದ್ದೆ, ಅವರು ಹೇಳಿದ್ದು, ಇಷ್ಟನ್ನು ಬರೆದಿಡಿ. ‘ನಾನೇ ತರಬೇಕೋ, ನೀವು ಬರುತ್ತೀರೋ’ ಎಂದು ಕೇಳಿ. ಹೀಗೆ ಕೇಳುವುದಕ್ಕೂ ಕಾರಣವಿದೆ: ಅನುಮತಿಯಿಲ್ಲದೆ ವನ್ಯಪ್ರಾಣಿಯ ಸಾಗಣೆಯೂ ಕಾಯ್ದೆಯ ನಿರ್ಬಂಧಕ್ಕೆ ಒಳಪಟ್ಟಿದೆ. ಬೇರೆ ಊರಿನಲ್ಲಿ ಆಮೆ ಸಾಕಿ ಗೊತ್ತಿರುವ ಸ್ನೇಹಿತರಿಗೆ ಬಸ್ಸಿನಲ್ಲೋ ಪಾರ್ಸೆಲ್ಲಿನಲ್ಲೋ ಕಳಿಸುವ ಯೋಚನೆ ಬೇಡವೇ ಬೇಡ.

ಸಿಬ್ಬಂದಿ ಬರುವವರೆಗೆ ಏನು ಮಾಡಬೇಕು? ಮೇವು ಬಿಟ್ಟ ಆಮೆಮರಿಗೆ ಮೊದಲು ಬೇಕಾದದ್ದು ಬಿಸಿ, ಆಮೇಲೆ ನೀರು, ಕೊನೆಗೆ ಊಟ. ಈ ಕ್ರಮ ತಪ್ಪಬಾರದು. ಆಮೆ ತನ್ನ ಮೈಯೊಳಗೆ ಶಾಖ ಹುಟ್ಟಿಸಿಕೊಳ್ಳುವ ಪ್ರಾಣಿಯಲ್ಲ. ಮೈ ತಣ್ಣಗಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲ, ಬಲವಂತವಾಗಿ ತಿನ್ನಿಸಿದ್ದು ಒಳಗೇ ಕೊಳೆಯುತ್ತದೆ. ರಟ್ಟಿನ ಪೆಟ್ಟಿಗೆಗೆ ಗಾಳಿಯ ತೂತು ಮಾಡಿ, ತಳಕ್ಕೆ ಹಳೆಯ ಹತ್ತಿ ಬಟ್ಟೆ ಹಾಸಿ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಒಂದು ಬದಿಯಲ್ಲಿಡಿ, ಇನ್ನೊಂದು ಬದಿ ಖಾಲಿಯಿರಲಿ. ಸೆಖೆ ಹೆಚ್ಚಾದರೆ ಮರಿ ತಾನೇ ಆಚೆ ಸರಿಯಬೇಕು. ಬಿಸಿ ಬದಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಸಾಕು. ಎಲ್‌ಇಡಿ ಬಲ್ಬು ಹಚ್ಚಿಟ್ಟರೆ ಬೆಳಕು ಬರುತ್ತದೆಯೇ ಹೊರತು ಶಾಖ ಸಿಗುವುದಿಲ್ಲ.

ಮೈ ಬೆಚ್ಚಗಾದ ಮೇಲೆ ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಹೊಟ್ಟೆಯ ಚಿಪ್ಪು ಮುಳುಗುವಷ್ಟು ಮಾತ್ರ. ಕತ್ತು ಚಾಚದೆಯೇ ಮೂಗು ನೀರಿನ ಮೇಲಿರಬೇಕು. ಹತ್ತು ಹದಿನೈದು ನಿಮಿಷ ಎದುರಿಗೇ ಕೂತು ನೋಡಿಕೊಳ್ಳಿ. ತಲೆ ಬಗ್ಗಿಸಿ ಗಂಟಲು ಆಡಿಸಿದರೆ ನೀರು ಕುಡಿಯುತ್ತಿದೆ ಎಂದರ್ಥ. ಕೆಲವು ಸಲ ಅದೇ ನೀರಿನಲ್ಲಿ ಬಿಳಿಯ ಮೂತ್ರ ವಿಸರ್ಜಿಸುತ್ತದೆ. ಅದು ನುಣುಪಾಗಿದ್ದರೆ ಸರಿ. ಮರಳು ಮರಳಾಗಿದ್ದರೆ ಮರಿಗೆ ನೀರಿನಂಶ ತೀರಾ ಕಡಿಮೆಯಾಗಿದೆ, ಈ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ. ಆಮೇಲೆ ದಾಸವಾಳದ ಎಳೆ ಎಲೆ ಅಥವಾ ಹೂವಿನ ದಳ, ಹಸಿ ಗರಿಕೆ ಮುಂದಿಟ್ಟು ಸುಮ್ಮನಿರಿ. ಹಾಲು, ಅನ್ನ, ಬ್ರೆಡ್ಡು, ಬಿಸ್ಕತ್ತು ಕೊಡಬೇಡಿ. ಬಾಯಿ ಬಿಡಿಸಿ ತುರುಕಬೇಡಿ.

ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡುವುದು, ಊದಿಕೊಂಡು ಮುಚ್ಚಿದ ರೆಪ್ಪೆ, ಒತ್ತಿದರೆ ತಗ್ಗುವ ಮೆತ್ತನೆಯ ಚಿಪ್ಪು, ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ಮಾಡುವಂಥದ್ದೇನಿಲ್ಲ, ಪಶುವೈದ್ಯರೇ ನೋಡಬೇಕು. ಉಸಿರಾಟದ ಸೋಂಕು, ಹೊಟ್ಟೆಯ ಹುಳು, ಮರಳು ನುಂಗಿ ಕಟ್ಟಿಕೊಂಡ ಕರುಳು, ಕ್ಯಾಲ್ಸಿಯಂ ಕೊರತೆ, ಕಾರಣ ಏನೂ ಇರಬಹುದು. ಒಂದು ಎಚ್ಚರಿಕೆ ಮಾತ್ರ ಜೀವದ ಪ್ರಶ್ನೆ: ದನ ಕರುಗಳಿಗೆ ಹುಳುವಿಗೆಂದು ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ, ಕೊಟ್ಟರೆ ಸಾಯಬಹುದು. ಔಷಧದಂಗಡಿಯಲ್ಲಿ ಕೇಳಿ ತಂದು ಹನಿ ಹಾಕುವ ಕೆಲಸಕ್ಕೆ ಕೈಹಾಕಬೇಡಿ. ವೈದ್ಯರ ಹತ್ತಿರ ಹೋಗಲು ಹೆದರಬೇಕಾಗಿಯೂ ಇಲ್ಲ. ತುರ್ತು ಚಿಕಿತ್ಸೆ ಕೊಡಬಾರದು ಎಂದು ಈ ಕಾಯ್ದೆ ಹೇಳುವುದಿಲ್ಲ. ಇಲಾಖೆಗೆ ಫೋನು ಮಾಡಿದ ವಿಷಯವನ್ನು ವೈದ್ಯರಿಗೆ ತಿಳಿಸಿ, ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿಡಿ. ನೀವು ಮರಿಯನ್ನು ಮುಚ್ಚಿಡಲಿಲ್ಲ ಎನ್ನುವುದಕ್ಕೆ ಆ ಚೀಟಿಯೂ ಸಾಕ್ಷಿ.

ಒಪ್ಪಿಸುವಾಗ ಬಾಯಿಮಾತು ಸಾಲದು. ಎರಡು ಪ್ರತಿ ಅರ್ಜಿ ಬರೆಯಿರಿ. ಒಕ್ಕಣೆ ಸರಳವಾಗಿರಲಿ: ‘ಇವರಿಗೆ, ವಲಯ ಅರಣ್ಯಾಧಿಕಾರಿಗಳು. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಹತ್ತಿರ ಒಂದು ಆಮೆಮರಿ ನಿತ್ರಾಣವಾಗಿ ಸಿಕ್ಕಿತು. ಇಷ್ಟು ಹೊತ್ತಿಗೆ 1926ಕ್ಕೆ ಕರೆ ಮಾಡಿದೆ. ಮರಿ ಮೇವು ತಿನ್ನುತ್ತಿಲ್ಲ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 39ನೇ ಕಲಮಿನಂತೆ ವರದಿ ಮಾಡಿ ತಮ್ಮ ವಶಕ್ಕೆ ಒಪ್ಪಿಸುತ್ತಿದ್ದೇನೆ.’ ಮರಿಯ ಫೋಟೊ, ಅಡುಗೆಮನೆಯ ತಕ್ಕಡಿಯಲ್ಲಿ ನೋಡಿದ ತೂಕ ಸೇರಿಸಿದರೆ ಒಳ್ಳೆಯದು. ನಿಮ್ಮ ಪ್ರತಿಯ ಮೇಲೆ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಿ. ಮಹಜರು ಬರೆದರೆ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ, ನೀವು ಹೇಳಿದ್ದೇ ಅದರಲ್ಲಿದ್ದರೆ ಮಾತ್ರ ಸಹಿ ಮಾಡಿ. ಸಿಕ್ಕ ಜಾಗವನ್ನು ಖಚಿತವಾಗಿ ಬರೆಯುವುದು ಮರಿಯ ಹಿತಕ್ಕೂ ಬೇಕು. ಬೇರೆ ಬೇರೆ ಸೀಮೆಯ ನಕ್ಷತ್ರ ಆಮೆಗಳ ವಂಶವಾಹಿಯಲ್ಲಿ ವ್ಯತ್ಯಾಸವಿದೆ, ಎಲ್ಲಿಯದೋ ಮರಿಯನ್ನು ಎಲ್ಲೋ ಬಿಟ್ಟರೆ ತಳಿ ಕಲಬೆರಕೆಯಾಗುತ್ತದೆ, ರೋಗವೂ ಹಬ್ಬುತ್ತದೆ. ಅದಕ್ಕೇ ನೀವಾಗಿ ಹತ್ತಿರದ ಗುಡ್ಡಕ್ಕೋ ಕೆರೆಗೋ ಬಿಟ್ಟುಬರುವುದು ತಪ್ಪು. ನಕ್ಷತ್ರ ಆಮೆ ಈಜುವ ಪ್ರಾಣಿಯಲ್ಲ, ಕೆರೆಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಮರಿ ದಾರಿಯಲ್ಲೇ ಸತ್ತರೂ ಹೂಳಬೇಡಿ. ಸತ್ತ ದೇಹವೂ ಸರ್ಕಾರದ ಸ್ವತ್ತೇ, ಅದನ್ನೂ ಒಪ್ಪಿಸಬೇಕು.

ದುಡ್ಡು ಕೊಟ್ಟು ಕೊಂಡವರ ಪರಿಸ್ಥಿತಿ ಬೇರೆ, ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕೊಂಡದ್ದೇ ಅಪರಾಧ. ಈಗ ಒಪ್ಪಿಸಿದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ಆದರೆ ಹೊಲದಲ್ಲಿ ಸಿಕ್ಕಿತೆಂದು ಸುಳ್ಳು ಬರೆದುಕೊಟ್ಟರೆ ಕೆಟ್ಟದ್ದು ಇನ್ನಷ್ಟು ಕೆಡುತ್ತದೆ. ಮರಿ ಕೈಯಲ್ಲಿರುವಾಗಲೇ ವಕೀಲರೊಬ್ಬರನ್ನು ಕಂಡು, ಅವರ ಮೂಲಕ ಅದೇ ದಿನ ಒಪ್ಪಿಸುವುದು ನನ್ನ ಸಲಹೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ, ಇಲ್ಲವೇ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ನೆರವು ಅವರ ಹಕ್ಕು. ನಿಮ್ಮ ವಿರುದ್ಧವೇ ಸಾಕ್ಷಿ ಹೇಳುವಂತೆ ಆರೋಪಿಯಾದ ನಿಮ್ಮನ್ನು ಬಲವಂತಪಡಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಬಂಧಿಸಿದರೆ ಕಾರಣ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ವಿದೇಶಿ ಆಮೆ ಸಾಕಿರುವವರಿಗೂ ಒಂದು ಮಾತು. ಆಫ್ರಿಕಾದ ಸುಲ್ಕಾಟದಂಥ ನೆಲದ ಆಮೆಗಳು ಸೈಟಿಸ್ ಪಟ್ಟಿಯಲ್ಲಿವೆ. ಇದೇ ಕಾಯ್ದೆಯಡಿ ಬಂದ 2024ರ ನಿಯಮಗಳಂತೆ ಅವುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಸಾಕುವ ಯಾರೇ ಆಗಲಿ ಪ್ರಾಣಿಯನ್ನು ಉಪವಾಸ ಕೆಡವಬಾರದು ಎಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೇಳುತ್ತದೆ. ಆದರೆ ಮೊದಲ ತಪ್ಪಿಗೆ ಅದು ವಿಧಿಸುವ ದಂಡ 10ರಿಂದ 50 ರೂಪಾಯಿ. ಒಂದು ಜೀವದ ನರಳಾಟಕ್ಕೆ ಇವತ್ತಿಗೂ ಇಷ್ಟೇ ಬೆಲೆ ಕಟ್ಟಿರುವುದು ನಾಚಿಕೆಗೇಡು, ಸಂಸತ್ತು ಇದನ್ನು ಎಂದೋ ಬದಲಿಸಬೇಕಿತ್ತು.

ಒಪ್ಪಿಸಿದ ಮೇಲೆ ನಿಮ್ಮ ಸಂಬಂಧ ಕಡಿದುಹೋಯಿತು ಎಂದುಕೊಳ್ಳಬೇಡಿ. ಮರಿಗೆ ಯಾವ ಚಿಕಿತ್ಸೆ ಸಿಕ್ಕಿತು, ಯಾವ ಪುನರ್ವಸತಿ ಕೇಂದ್ರಕ್ಕೆ ಕಳಿಸಿದರು, ಬದುಕಿದೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಸಲ್ಲಿಸಿ.

ಹೊಲದಲ್ಲಿ ಚುರುಕಾಗಿ ಓಡಾಡುತ್ತಿರುವ ಮರಿ ಕಂಡರೆ ಮುಟ್ಟದೆ ಅಲ್ಲೇ ಬಿಟ್ಟುಬಿಡಿ, ಮಕ್ಕಳಿಗೂ ಹಾಗೇ ಹೇಳಿಕೊಡಿ. ಈಗಾಗಲೇ ನಿಮ್ಮ ಮನೆಯಲ್ಲೊಂದು ಮರಿ ಮೇವು ಬಿಟ್ಟು ಕೂತಿದ್ದರೆ ನಾಳೆಯವರೆಗೆ ಕಾಯದೆ ಈಗಲೇ 1926ಕ್ಕೆ ಕರೆ ಮಾಡಿ.